ತಂಬೂರಿಯ ದಂಡಿ, ಮಿರಜಿನ ಕೈ

ಸಂಗೀತದ ಇತಿಹಾಸವೆಂದರೆ ನಮಗೆ ಘರಾಣೆಗಳ ವಂಶಾವಳಿಯೇ ನೆನಪಾಗುತ್ತದೆ. ಯಾರು ಯಾರಲ್ಲಿ ಕಲಿತರು, ಯಾವ ಸಂಸ್ಥಾನಿಕರು ಯಾರಿಗೆ ಆಶ್ರಯವಿತ್ತರು, ಯಾವ ಮೈಫಲಿನಲ್ಲಿ ಯಾರು ಮೆರೆದರು ಎಂಬುದೆಲ್ಲ ಪುಸ್ತಕಗಳಲ್ಲಿ ಸಾಕಷ್ಟು ಬಂದಿದೆ. ಹಾಡುಗಾರರ ಬೆನ್ನ ಹಿಂದೆ ಎರಡು ಗೋಪುರಗಳಂತೆ ನಿಂತಿರುತ್ತವಲ್ಲ, ಆ ತಂಬೂರಿಗಳ ವಂಶಾವಳಿಯನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅವು ಎಲ್ಲಿ ಹುಟ್ಟಿದವು? ಎಷ್ಟು ಸಲ ಮುರಿದವು? ಮುರಿದಾಗ ಕೂಡಿಸಿಕೊಟ್ಟವರು ಯಾರು? ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಸವಾಯಿ ಗಂಧರ್ವ ಮಹೋತ್ಸವದಲ್ಲಿ ಕುಳಿತಾಗ ‘ಇವರು ನಮ್ಮ ಧಾರವಾಡದ ಕಡೆಯವರು’ ಎಂದು ಪಕ್ಕದವರಿಗೆ ಹೇಳಿ ಬೀಗುತ್ತೇವೆ. ಆ ತಂಬೂರಿಯೂ ಮುಕ್ಕಾಲು ಪಾಲು ನಮ್ಮ ಕಡೆಯದೇ ಎಂಬ ಮಾತು ನಮ್ಮ ಬಾಯಿಗೆ ಬರುವುದಿಲ್ಲ. ಆದಕಾರಣ ಈ ಸಲ ವಾದ್ಯದ ಒಂದೇ ಒಂದು ಭಾಗವನ್ನು, ಅದರ ದಂಡಿಯನ್ನು, ಕೈಯಲ್ಲಿ ಹಿಡಿದು ಆ ಕಥೆಯನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ದಂಡಿ ಎಂದರೆ ತಂಬೂರಿಯ ಕೊರಳು. ಕೆಳಗೆ ಸೋರೆಬುರುಡೆ, ಅದರ ಮುಖಕ್ಕೆ ತೆಳ್ಳಗಿನ ಮರದ ತಬಲಿ, ತಬಲಿಯ ಮೇಲೆ ತಂತಿಗಳನ್ನು ಹೊರುವ ಕುದುರೆ; ತುದಿಯಲ್ಲಿ ತಂತಿ ಬಿಗಿಯುವ ಬಿರಡೆಗಳು. ಇವುಗಳ ನಡುವೆ ಮಾರುದ್ದ ಚಾಚಿಕೊಂಡಿರುವುದೇ ದಂಡಿ. ಹೊರಗಿನಿಂದ ಗಟ್ಟಿ ದಿಮ್ಮಿಯಂತೆ ಕಂಡರೂ ಒಳಗೆಲ್ಲ ಟೊಳ್ಳು. ತುಣ್ ಮರವನ್ನು ದೋಣಿಯಂತೆ ತೋಡಿ, ಮೇಲೊಂದು ಚಪ್ಪಟೆ ಪಟ್ಟಿಯನ್ನು ಅಂಟಿಸಿರುತ್ತಾರೆ. ಬುರುಡೆಯನ್ನೂ ದಂಡಿಯನ್ನೂ ಕೂಡಿಸುವ ಮರದ ಭಾಗಕ್ಕೆ ಕಸಬುದಾರರು ‘ಗುಲು’ ಎನ್ನುತ್ತಾರೆ. ಪಾರಸಿಯಲ್ಲಿ ಗುಲು ಎಂದರೆ ಗಂಟಲು. ತಂಬೂರಿ ಮುರಿಯುವುದು ಬಹುಮಟ್ಟಿಗೆ ಈ ಗಂಟಲಿನಲ್ಲಿ, ಇಲ್ಲವೆ ಬಿರಡೆಗಳಿಗಾಗಿ ತೂತು ಕೊರೆದ ತಲೆಯ ಬುಡದಲ್ಲಿ.

‘ದಂಡಿ’ ಎಂಬುದು ಮರಾಠಿಯಿಂದಲೋ ಹಿಂದಿಯಿಂದಲೋ ನಮಗೆ ಬಂದ ಮಾತೆಂದು ತಿಳಿದವರುಂಟು. ಕನ್ನಡದಲ್ಲಿ ‘ದಂಡಿಗೆ’ ಹನ್ನೆರಡನೆಯ ಶತಮಾನದಷ್ಟು ಹಳೆಯದು. ವಾದ್ಯದ ಭಾಗಗಳನ್ನು ಭಕ್ತನ ಅಂಗಾಂಗಗಳಿಗೆ ಹೊಂದಿಸುವ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ದಂಡಿಗೆಯೂ ಇದೆ, ಸೋರೆಯೂ ಇದೆ. ಬಸವಣ್ಣನವರು ಬಿಜ್ಜಳನಲ್ಲಿ ಮೊದಲು ಕರಣಿಕರಾಗಿದ್ದದ್ದು ಮಂಗಳವೇಢೆಯಲ್ಲಿ. (ಲೆಕ್ಕಪತ್ರಗಳ ನಡುವೆ ಆಯುಷ್ಯ ಸವೆಸುವ ನಮ್ಮಂಥ ಸರಕಾರಿ ಗುಮಾಸ್ತರಿಗೆ ಇದೊಂದು ಸಣ್ಣ ಸಮಾಧಾನ.) ಸ್ವಾರಸ್ಯವೆಂದರೆ, ಮಿರಜಿನ ತಂಬೂರಿಗಳಿಗೆ ದೊಡ್ಡ ಸೋರೆಗಳು ಬರುವುದು ಅದೇ ಮಂಗಳವೇಢೆ, ಪಂಢರಾಪುರಗಳ ಸೀಮೆಯಿಂದ, ಭೀಮಾ ನದಿಯ ಆಸುಪಾಸಿನ ಹೊಲಗಳಿಂದ. ಅಡಿಗೆಗೆ ಬಾರದ ಕಹಿ ಸೋರೆಯಿದು. ಬಳ್ಳಿಯಲ್ಲಿಯೇ ಬಲಿತು, ಆಮೇಲೆ ತಿಂಗಳುಗಟ್ಟಲೆ ಒಣಗಿ, ಬೆರಳಿನಿಂದ ತಟ್ಟಿದರೆ ಠಣ್ಣೆನ್ನುವ ಹದಕ್ಕೆ ಬಂದಾಗ ಮಿರಜಿನ ಸಿತಾರಮೇಕರ ಗಲ್ಲಿಯ ಅಟ್ಟವನ್ನೇರುತ್ತದೆ.

ಮಿರಜ ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಊರು. ಅದನ್ನು ‘ಗಡಿಯ ಊರು’ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಆದರೆ ತಂಬೂರಿಯ ಕಥೆ ನಡೆದ ಕಾಲದಲ್ಲಿ ಈ ಗಡಿ ಎಲ್ಲಿತ್ತು? ಮಿರಜ, ಸಾಂಗ್ಲಿ, ಜಮಖಂಡಿಗಳೆಲ್ಲ ಪಟವರ್ಧನ ಮನೆತನದ ಕವಲುಗಳು ಆಳುತ್ತಿದ್ದ ಸಂಸ್ಥಾನಗಳು. ಹಿರಿಯ ಮಿರಜ ಸಂಸ್ಥಾನಕ್ಕೆ ಲಕ್ಷ್ಮೇಶ್ವರ ಸೇರಿತ್ತು. ಲಕ್ಷ್ಮೇಶ್ವರವೆಂದರೆ ಬೇರೆ ಯಾವುದೂ ಅಲ್ಲ, ಪಂಪ ತನ್ನ ಕನ್ನಡದ ನೆಲೆಯೆಂದು ಅಭಿಮಾನದಿಂದ ಹೆಸರಿಸಿದ ಪುಲಿಗೆರೆಯೇ. ಕುಂದಗೋಳ ಜಮಖಂಡಿಯವರದು. ಹೀಗಾಗಿ ಕುಂದಗೋಳದ ಗಾಯಕನೊಬ್ಬ ತನ್ನ ತಂಬೂರಿಯನ್ನು ಮಿರಜಿಗೆ ಒಯ್ದರೆ ಅದು ಪರರಾಜ್ಯಕ್ಕೆ ಹೋದಂತೆ ಆಗುತ್ತಿರಲಿಲ್ಲ. ಅಣ್ಣತಮ್ಮಂದಿರ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಂತೆ ಆಗುತ್ತಿತ್ತು. ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಕುಂದಗೋಳ, ಲಕ್ಷ್ಮೇಶ್ವರಗಳು ಮೈಸೂರು ರಾಜ್ಯಕ್ಕೆ ಬಂದವು, ಮಿರಜ ಮುಂಬಯಿ ರಾಜ್ಯದಲ್ಲಿ ಉಳಿಯಿತು. ನಕಾಶೆ ಬದಲಾಯಿತು, ತಂಬೂರಿಗಳು ಹೋಗಿ ಬರುವುದು ನಿಲ್ಲಲಿಲ್ಲ.

ಈ ಕಸಬು ಹಿಡಿದ ಮನೆತನ ಶಿಕಲಗಾರರದು. ಶಿಕಲಗಾರ ಎಂದರೆ ಕತ್ತಿ ಕಠಾರಿಗಳನ್ನು ಮಸೆದು ಹೊಳಪು ಕೊಡುವವನು. ಹುಬ್ಬಳ್ಳಿ ಧಾರವಾಡಗಳಲ್ಲಿಯೂ ಈ ಅಡ್ಡಹೆಸರಿನವರಿದ್ದಾರೆ. 1818ರಲ್ಲಿ ಪೇಶವಾಯಿ ಮುಗಿದು ಸಂಸ್ಥಾನಗಳು ಇಂಗ್ಲಿಷರ ರಕ್ಷಣೆಗೆ ಒಳಪಟ್ಟವು. ಕಾದುವ ಪ್ರಸಂಗವೇ ಇಲ್ಲದ ಮೇಲೆ ಕತ್ತಿ ಮಸೆಯುವವನಿಗೆ ಕೆಲಸವೆಲ್ಲಿಯದು? ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫರೀದಸಾಹೇಬ ಶಿಕಲಗಾರರು ಆಸ್ಥಾನಕ್ಕೆ ಬರುತ್ತಿದ್ದ ಕಲಾವಂತರ ಕೆಟ್ಟ ವಾದ್ಯಗಳನ್ನು ಸರಿಪಡಿಸಿಕೊಡತೊಡಗಿದರು, ಆಮೇಲೆ ತಾವೇ ಹೊಸದಾಗಿ ಮಾಡತೊಡಗಿದರು ಎಂಬುದು ಮಿರಜಿನಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ಎಂದರೆ ಇಲ್ಲಿ ಮೊದಲು ಹುಟ್ಟಿದ್ದು ರಿಪೇರಿ. ತಯಾರಿಕೆ ಅದರ ಮಗು. ನಮಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಮುರಿದದ್ದನ್ನು ಬಿಚ್ಚಿ ನೋಡಿದವನಿಗೆ ಅದರ ಒಳಗುಟ್ಟು ತಿಳಿಯುತ್ತದೆ. ಕತ್ತಿಯ ಅಲಗನ್ನು ಒಂದು ಕಣ್ಣು ಮುಚ್ಚಿ ನೇರ ನೋಡಿ ಪಳಗಿದವನಿಗೆ ದಂಡಿಯ ಕೊಂಕು ಕಾಣದೆ ಇದ್ದೀತೆ? ಅದೇ ಕಾಲದಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ 1857ರ ಕಾಯಿದೆಯನ್ನು ಧಿಕ್ಕರಿಸಿ ಇಂಗ್ಲಿಷರ ಮೇಲೆ ಕಾದಿ ಮಡಿದರು. ಆಯುಧ ಹಿಡಿದವರ ಕಥೆ ಲಾವಣಿಯಾಗಿ ನಮ್ಮ ಪಠ್ಯಪುಸ್ತಕಕ್ಕೆ ಬಂತು. ಆಯುಧಕ್ಕೆ ಸಾಣೆ ಹಿಡಿದವರು ಏನಾದರು ಎಂಬುದಕ್ಕೆ ಮಿರಜಿನಲ್ಲಿ ಒಂದು ಉತ್ತರವಿದೆ.

ಈ ಊರಿಗೆ ಉತ್ತರದ ಕೈರಾನಾದಿಂದ ಬಂದು ನೆಲೆಸಿದವರು ಅಬ್ದುಲ್ ಕರೀಮಖಾನರು (1872–1937). ಖಾನಸಾಹೇಬರ ಕಂಠವನ್ನು ಕುರಿತು ಬರೆದವರು ಬಹಳ. ಅವರು ವಾದ್ಯ ರಿಪೇರಿಯಲ್ಲಿಯೂ ನುರಿತವರಾಗಿದ್ದರು, ಆ ಕೆಲಸದ ಹತ್ಯಾರಗಳನ್ನು ಜೊತೆಗಿಟ್ಟುಕೊಳ್ಳುತ್ತಿದ್ದರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1913ರಲ್ಲಿ ನಮ್ಮ ಪುಣೆಯಲ್ಲಿ ಅವರು ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಮುಂದೆ ಸವಾಯಿ ಗಂಧರ್ವರೆಂದು ಹೆಸರಾಗಿ, ಮರಾಠಿ ರಂಗಭೂಮಿಯಲ್ಲಿ ಮೆರೆದು, 1952ರಲ್ಲಿ ಪುಣೆಯಲ್ಲಿಯೇ ತೀರಿಕೊಂಡರು. ಅವರ ಶಿಷ್ಯರಾದ ಭೀಮಸೇನ ಜೋಶಿಯವರು ಮರುವರ್ಷ, 1953ರಲ್ಲಿ, ಗುರುವಿನ ಹೆಸರಿನ ಉತ್ಸವವನ್ನು ಆರಂಭಿಸಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ರೈಲಿನ ಮಾತು ಬಂತು. ಕಿರಾಣಾ ಗಾಯಕಿ ಹುಬ್ಬಳ್ಳಿಯಿಂದ ಪುಣೆಯವರೆಗೆ ಹಬ್ಬಿದ್ದು ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿಗಳ ಮೇಲೆ ಎಂದರೆ ಅತಿಶಯೋಕ್ತಿಯಲ್ಲ. ಖಾನಸಾಹೇಬರು ಕೊನೆಯುಸಿರೆಳೆದದ್ದು ಕೂಡ 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೋಗುತ್ತಿರುವಾಗ, ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ. ಆಗಲೂ ತಂಬೂರಿಯನ್ನು ಶ್ರುತಿ ಮಾಡಿಸಿಕೊಂಡು ಹಾಡಿದರೆಂದು ಹೇಳುತ್ತಾರೆ. ಇನ್ನು ಪುಣೆ–ಮಿರಜ ಹಾದಿ 1971ರಲ್ಲಿ ಬ್ರಾಡ್‌ಗೇಜ್ ಆಯಿತು. ಮಿರಜಿನ ಆಚೆಗಿನ ನಮ್ಮ ಹಾದಿ ಬದಲಾದದ್ದು ತೊಂಬತ್ತರ ದಶಕದಲ್ಲಿ. ನಡುವಿನ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹುಬ್ಬಳ್ಳಿಯ ಪ್ರಯಾಣಿಕರೆಲ್ಲ ಗಂಟುಮೂಟೆ ಸಮೇತ ಮಿರಜಿನಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಐದಡಿ ಎತ್ತರದ, ಬುಡ ದಪ್ಪ ಕೊರಳು ಸಣ್ಣ ಇರುವ ವಾದ್ಯವನ್ನು ಹಮಾಲನ ಕೈಗೆ ಕೊಟ್ಟು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಾಗಿಸುವುದೆಂದರೆ ಏನೆಂಬುದನ್ನು ವಾಚಕರೇ ಊಹಿಸಬಹುದು. ಬುರುಡೆಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಏಕೆಂದರೆ ಅದು ಒಡೆಯುವ ವಸ್ತುವಿನಂತೆ ಕಾಣುತ್ತದೆ. ದಂಡಿಯನ್ನು ಹಿಡಿಕೆಯೆಂದು ತಿಳಿದು ಅದನ್ನೇ ಹಿಡಿದು ಎತ್ತುತ್ತಾರೆ.

ಪೆಟ್ಟು ಬೀಳದಿದ್ದರೂ ದಂಡಿಗೆ ನೆಮ್ಮದಿಯಿಲ್ಲ. ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರ ಕಚೇರಿಯಲ್ಲಿ ಉಪಯೋಗಕ್ಕೆ ಬಂದದ್ದಿಲ್ಲ. ಇಲ್ಲಿಯಾದರೂ ಬರಲಿ ಎಂದು ಒಂದು ಲೆಕ್ಕ ಮಾಡಿ ನೋಡಿದೆವು. 0.30 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ, ಕುದುರೆಯಿಂದ ಮೇಲಿನ ಮೇರುವಿನವರೆಗೆ ಒಂದು ಮೀಟರ್ ಉದ್ದ, ಗಂಡಸರ ಸಾಮಾನ್ಯ ಶ್ರುತಿಯಾದ ಕಪ್ಪು ಒಂದು, ಎಂದರೆ ಸೆಕೆಂಡಿಗೆ ಸುಮಾರು 139 ಕಂಪನ. ಒಂದೇ ತಂತಿಯ ಎಳೆತ 4 ಕಿಲೋಗ್ರಾಮಿಗಿಂತ ತುಸು ಹೆಚ್ಚು ಬರುತ್ತದೆ. ನಾಲ್ಕು ತಂತಿ ಸೇರಿದರೆ 15 ಕಿಲೋದ ಆಸುಪಾಸು. ಮನೆಯ ಅಡಿಗೆ ಸಿಲಿಂಡರಿನಲ್ಲಿ ತುಂಬಿ ಬರುವ ಅನಿಲದ ತೂಕ 14.2 ಕಿಲೋ. ಅಷ್ಟು ಭಾರವನ್ನು ಈ ಟೊಳ್ಳು ಕೊರಳು ಹಗಲಿರುಳು ಹೊರುತ್ತಿರುತ್ತದೆ. ಶ್ರುತಿಯನ್ನು ಎರಡೇ ಮನೆ ಏರಿಸಿದರೂ ಎಳೆತ ಕಾಲು ಪಾಲು ಏರುತ್ತದೆ. ಗಾಯಕರು ‘ಸ್ವಲ್ಪ ಏರಿಸಿರಿ’ ಎಂದಾಗ ದಂಡಿಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ! ವರ್ಷಗಟ್ಟಲೆ ಹೀಗೆ ನಡೆದರೆ ಅದು ಮುಂದಕ್ಕೆ ಬಾಗುತ್ತದೆ, ಇಲ್ಲವೆ ಮಳೆಗಾಲದ ತೇವದಲ್ಲಿ ಗುಲುವಿನ ಅಂಟು ಸಡಿಲುತ್ತದೆ.

ಈಗ ಅಂಟಿನ ವಿಷಯ. ನಮ್ಮ ಲೇಖನದ ತಿರುಳು ಇರುವುದೇ ಇಲ್ಲಿ. ಹಳೆಯ ತಂಬೂರಿಗಳನ್ನು ಕೂಡಿಸಿದ್ದು ಜಾನುವಾರುಗಳ ಚರ್ಮ, ಎಲುಬುಗಳಿಂದ ಬೇಯಿಸಿ ತೆಗೆದ ಅಂಟಿನಿಂದ. ಮರಾಠಿಯಲ್ಲಿ ಇದಕ್ಕೆ ‘ಸರಸ’ ಎನ್ನುತ್ತಾರೆ. ಹೆಸರು ಕೇಳಿ ಮೋಸಹೋಗಬಾರದು, ವಾಸನೆಯಲ್ಲಿ ಯಾವ ಸರಸವೂ ಇಲ್ಲ. ಹರಳುಗಳನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸುತ್ತಾರೆ. ಕುದಿಸಿದರೆ ಅಂಟು ಸತ್ತುಹೋಗುತ್ತದೆ. ಇದರ ಗುಣವೆಂದರೆ ಒಣಗಿದ ಮೇಲೆ ಗಾಜಿನಂತೆ ಗಟ್ಟಿ. ಆದರೂ ಬಿಸಿನೀರು ತಗುಲಿದರೆ ಎಷ್ಟೇ ವರ್ಷಗಳ ಮೇಲೂ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಮುರಿದರೆ ಬಿಚ್ಚಲು ಬರಬೇಕೆಂಬ ಅನುಕೂಲ ಈ ವಾದ್ಯದಲ್ಲಿ ಹುಟ್ಟಿನಿಂದಲೇ ಇದೆ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಬಡಗಿಗಳಿಗೆ ಬಹಳ ಸುಲಭವಾಯಿತು, ಅದರಲ್ಲಿ ಸಂಶಯವಿಲ್ಲ. ಕುರ್ಚಿ ಮೇಜುಗಳಿಗೆ ಅದು ಒಳ್ಳೆಯದೇ. ಎಡೆಬಿಡದ ಎಳೆತದ ಕೆಳಗೆ ಮಾತ್ರ ಆ ಜಾತಿಯ ಬಿಳಿ ಅಂಟು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜರುಗುತ್ತದೆ. ಬಿಚ್ಚಹೋದರೆ ಸುಲಭಕ್ಕೆ ಬಿಡುವುದಿಲ್ಲ, ಜೊತೆಗೆ ಮರವನ್ನೂ ಕಿತ್ತುಕೊಂಡು ಬರುತ್ತದೆ.

ನಮ್ಮ ಸಂಘದ ಗಂಡು ತಂಬೂರಿಯ ಕೊರಳು ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ಸಾಮಾನು ಸಾಗಿಸುವಾಗ ಟೆಂಪೋದಲ್ಲಿ ಮುರಿಯಿತು. ನಿವೃತ್ತರಾಗಿ ಊರಿಗೆ ಮರಳಿದ ಹಿರಿಯ ಸದಸ್ಯರೊಬ್ಬರು ಬಿಟ್ಟುಹೋದ ವಾದ್ಯವದು. ಕಾರ್ಯಕಾರಿ ಸಮಿತಿಯಲ್ಲಿ ಎರಡು ಪಕ್ಷವಾಯಿತು. ಎಲೆಕ್ಟ್ರಾನಿಕ್ ಪೆಟ್ಟಿಗೆ ತಂದರೆ ಹೊರುವ ಕಾಟವೇ ಇಲ್ಲವೆಂದು ಒಂದು ಪಕ್ಷ. ಆ ಪೆಟ್ಟಿಗೆಯೂ ನಮ್ಮವರದೇ ಕೊಡುಗೆ, 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ಅದನ್ನು ಬಳಕೆಗೆ ತಂದರು. ಒಬ್ಬರೇ ಕುಳಿತು ಅಭ್ಯಾಸ ಮಾಡುವ ಹುಡುಗರಿಗೆ ಅದರಿಂದಾದ ಉಪಕಾರ ದೊಡ್ಡದು. ಇನ್ನೊಂದು ಪಕ್ಷ ಮಿರಜಿಗೆ ಕಳಿಸೋಣವೆಂದಿತು. ಮರ ಹೋದರೆ ಮರ ಸಿಗುತ್ತದೆ. ಐವತ್ತು ವರ್ಷ ನುಡಿದು ಪಕ್ವವಾದ ಬುರುಡೆಯನ್ನು ಅಟ್ಟಕ್ಕೆಸೆಯುವುದು ಹೇಗೆ ಎಂಬುದು ಅದರ ವಾದ. ನಾವು ಈ ಎರಡನೆಯ ಪಕ್ಷದವರು. ಖರ್ಚಿನ ಅರ್ಧವನ್ನು ಸದಸ್ಯರಿಂದ ವರ್ಗಣಿ ಎತ್ತುವ ಷರತ್ತಿನ ಮೇಲೆ ಗೆದ್ದೆವು.

ಮಿರಜಿನಲ್ಲಿ ವಯಸ್ಸಾದ ಕಾರಾಗೀರರೊಬ್ಬರು ಮುರಿದ ಕೊರಳಿನತ್ತ ನೋಡಲೇ ಇಲ್ಲ. ಮೊದಲು ಬುರುಡೆಯನ್ನು ಸುತ್ತಲೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಆಮೇಲೆ ನಮ್ಮ ಮಾತಿನ ವರಸೆ ಕೇಳಿ ಕನ್ನಡದಲ್ಲಿಯೇ, ‘ಕಾಯಿ ಗಟ್ಟಿ ಐತ್ರಿ. ದಂಡಿದೇನು, ಕೂಡಸೂಣು’ ಎಂದರು. ನಮಗೆ ಜೀವ ಬಂದಂತಾಯಿತು.

ತಂತಿ, ಮಣಿ, ಬಿರಡೆಗಳನ್ನು ತೆಗೆದು ಒಂದು ಚೀಲದಲ್ಲಿ ಕಟ್ಟಿದರು. ಕುದುರೆ ಇದ್ದ ಜಾಗವನ್ನು ಪೆನ್ಸಿಲಿನಿಂದ ಗುರುತಿಸಿಕೊಂಡರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಜೋಡಣೆಯ ಸುತ್ತ ಸುತ್ತಿ, ಮತ್ತೆ ಮತ್ತೆ ಬದಲಿಸಿ, ತೆಳ್ಳಗಿನ ಚೂರಿಯ ತುದಿಯಿಂದ ಮುಂಭಾಗದ ಪಟ್ಟಿಯನ್ನು ಗೇಣು ಗೇಣಾಗಿ ಎಬ್ಬಿಸಿದರು. ದಂಡಿಯ ಹೊಟ್ಟೆ ತೆರೆಯಿತು. ಒಳಗೆ ನಾವ್ಯಾರೂ ಎಣಿಸದ ಒಂದು ವಸ್ತುವಿತ್ತು: ಬೇರೆ ಬಣ್ಣದ ಮರದ ಗೇಣುದ್ದದ ತುಂಡು, ಅದನ್ನು ಹಿಡಿದಿದ್ದ ಎರಡು ಬಿದಿರಿನ ಮೊಳೆ, ಮೇಲೆ ಸರಸದಲ್ಲಿ ಅದ್ದಿ ಅಂಟಿಸಿದ ಬಟ್ಟೆಯ ಪಟ್ಟಿ. ಈ ಕೊರಳು ಹಿಂದೆಯೂ ಮುರಿದಿತ್ತು! ಯಾವಾಗ, ಯಾವ ಪ್ರಯಾಣದಲ್ಲಿ ಎಂಬ ಸುಳಿವು ಸಂಘದ ಕಡತಗಳಲ್ಲಿ ಎಲ್ಲಿಯೂ ಇಲ್ಲ. ಹೊರಗಿನ ಅರಗಿನ ಹೊಳಪಿನಲ್ಲಿ ಅದರ ಗೆರೆಯೂ ಕಂಡಿರಲಿಲ್ಲ. ಮುದುಕರು ಆ ಹಳೆಯ ಮೊಳೆಗಳನ್ನು ಬೆರಳಿನಿಂದ ಸವರಿ, ಇದು ಇದೇ ಊರಿನ ಕೆಲಸವೆಂದೂ, ಕಬ್ಬಿಣದ ಮೊಳೆ ಹೊಡೆದಿದ್ದರೆ ತುಕ್ಕು ಹಿಡಿದು ಮರವನ್ನು ತಿಂದು ಹಾಕುತ್ತಿತ್ತೆಂದೂ ಹೇಳಿದರು. ಆ ತುಂಡನ್ನು ಅವರು ಕೀಳಲಿಲ್ಲ. ಅದಕ್ಕೆ ಆತುಕೊಳ್ಳುವಂತೆ ಹೊಸದನ್ನು ಕೂರಿಸಿದರು.

ಮುರಿದ ಎರಡು ತುದಿಗಳನ್ನೂ ಓರೆಯಾಗಿ ಕೆತ್ತಿ ಒಂದರ ಮೇಲೊಂದು ಮಲಗುವಂತೆ ಮಾಡುತ್ತಾರೆ. ನೇರ ಕತ್ತರಿಸಿ ಅಂಟಿಸಿದರೆ ಅಂಟು ಹಿಡಿಯುವ ಜಾಗ ಬೆರಳಿನಷ್ಟೇ, ಓರೆಯಾದರೆ ಅಂಗೈಯಷ್ಟು. ಒಳಗಿನ ಒತ್ತುಮರದ ಎಳೆಗಳು ದಂಡಿಯ ಎಳೆಗಳಿಗೆ ಸಮನಾಗಿ ಉದ್ದಕ್ಕೆ ಇರಬೇಕು. ಸರಸ ಬಳಿದ ಮೇಲೆ ಅದು ಆರುವುದರೊಳಗೆ ಕೆಲಸ ಮುಗಿಯಬೇಕು. ಸುತಳಿಯನ್ನು ಒತ್ತೊತ್ತಾಗಿ ಸುತ್ತಿ, ಅದರ ಕೆಳಗೆ ಸಣ್ಣ ಬೆಣೆಗಳನ್ನು ತೂರಿಸಿ ಬಿಗಿಯುತ್ತಾರೆ. ಬೆಣೆ ತೂರಿಸುವ ಮುಂಚೆ ಮೇರುವಿನಿಂದ ಬುರುಡೆಯ ಬುಡದವರೆಗೆ ಒಂದು ದಾರ ಎಳೆದು, ಒಂದು ಕಣ್ಣು ಮುಚ್ಚಿ, ಕೊರಳ ಉದ್ದಕ್ಕೂ ನೋಡಿದರು. ಕತ್ತಿ ಮಸೆಯುತ್ತಿದ್ದವರ ಮರಿಮಕ್ಕಳು ನೋಡುವ ರೀತಿ ಅದು. ದಾರ ಕುದುರೆಯ ಗುರುತಿನ ನಟ್ಟನಡುವೆ ಹಾಯ್ದುಹೋಗಬೇಕು. ಅಕ್ಕಿಕಾಳಿನಷ್ಟು ಆಚೀಚೆಯಾದರೂ ತಂತಿ ಕುದುರೆಯ ಅಂಚಿಗೆ ಸರಿಯುತ್ತದೆ.

ಕುದುರೆಯ ಮೇಲೆ ತಂತಿ ಹೇಗೆ ಕೂಡುತ್ತದೆ ಎಂಬುದರಲ್ಲಿ ತಂಬೂರಿಯ ಪ್ರಾಣವಿದೆ. ಸರ್ ಸಿ. ವಿ. ರಾಮನ್ನರು ಕಲಕತ್ತೆಯಲ್ಲಿದ್ದಾಗ, 1921ರಲ್ಲಿ, ನಮ್ಮ ತಂತಿವಾದ್ಯಗಳನ್ನು ಕುರಿತು ಒಂದು ಚಿಕ್ಕ ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲವಿರುವ ಉಪಸ್ವರಗಳು ಹುಟ್ಟಬಾರದೆಂಬುದು ಪಾಶ್ಚಾತ್ಯರ ನಿಯಮ. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಅವು ಗಟ್ಟಿಯಾಗಿಯೇ ಕೇಳುತ್ತವೆ ಎಂದು ರಾಮನ್ನರು ತೋರಿಸಿದರು. ಕಾರಣ ಅಗಲವಾದ, ತುಸು ಉಬ್ಬಿದ ಕುದುರೆ. ತಂತಿ ಅದರ ಬೆನ್ನನ್ನು ಸವರುತ್ತ ನಡುಗುತ್ತದೆ. ಜವಾರಿಯ ನೂಲೆಳೆ ಆ ಸವರುವಿಕೆಯನ್ನು ಹದಗೊಳಿಸುತ್ತದೆ. ಕೊರಳು ಒಂದು ನೂಲಿನಷ್ಟು ಮುಂದೆ ಬಾಗಿದರೆ ತಂತಿ ಕುದುರೆಯನ್ನು ಮುಟ್ಟುವ ಕೋನವೇ ಬೇರೆ. ಆಗ ಜವಾರಿಯನ್ನು ಎಷ್ಟು ಹೊಂದಿಸಿದರೂ ವಾದ್ಯ ಮೂಗಿನಲ್ಲಿ ಹಾಡುತ್ತದೆ. ಕೊರಳಿನ ರಿಪೇರಿ ಬರೇ ಬಡಗಿಯ ಕೆಲಸವಲ್ಲವೆನ್ನುವುದು ಇದಕ್ಕಾಗಿಯೇ.

ಸುತಳಿ ಬಿಚ್ಚಿದ್ದು ಎಂಟು ದಿನದ ಮೇಲೆ. ಹೆರೆದು, ಬಣ್ಣ ಕೂಡಿಸಿ, ಅರಗಿನ ಪಾಲಿಶನ್ನು ಪದರ ಪದರವಾಗಿ ಕೊಟ್ಟದ್ದು ಇನ್ನಷ್ಟು ದಿನ. ತಂತಿ ಏರಿಸಿದಾಗಲೂ ಒಮ್ಮೆಗೇ ಶ್ರುತಿಗೆ ತರಲಿಲ್ಲ. ನಾಲ್ಕು ಸ್ವರ ಕೆಳಗಿಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ತಂದರು. ಬುರುಡೆಯ ದನಿ ಮೊದಲಿನದೇ. ಕೊರಳಿನ ಗೆರೆಯನ್ನು ಬಲ್ಲವರು ತೋರಿಸಿದರೆ ಮಾತ್ರ ಕಾಣುತ್ತದೆ.

ಇಂಥ ಕೈಗಳನ್ನು ನಂಬಿಯೇ ನಮ್ಮ ಗಾಯಕರು ದೇಶ ತಿರುಗಿದರು. ಭೀಮಸೇನರ ವಿಮಾನಯಾನಗಳನ್ನು ನೋಡಿ ಪು. ಲ. ದೇಶಪಾಂಡೆಯವರು ಅವರನ್ನು ‘ಹವಾಯಿ ಗಂಧರ್ವ’ರೆಂದು ಕರೆದದ್ದು ಪುಣೆಯಲ್ಲಿ ಮನೆಮಾತು. ವಿಮಾನದ ಸರಕಿನ ಕೋಣೆ ಹಮಾಲನ ಕೈಗಿಂತ ಕಠೋರ. ಅದಕ್ಕಾಗಿ ಚಿಕ್ಕ, ಚಪ್ಪಟೆ ಪ್ರವಾಸಿ ತಂಬೂರಿಗಳೂ ಹುಟ್ಟಿಕೊಂಡಿವೆ. ಮಿರಜಿನ ಮನೆತನಗಳ ಕೆಲವರು ಪುಣೆಯಲ್ಲಿಯೇ ಅಂಗಡಿ ಹಾಕಿ ಕುಳಿತಿರುವುದು ನಮಗೆ ದೊಡ್ಡ ಅನುಕೂಲ.

2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸಂತೋಷದ ಸಂಗತಿ. ಆದರೆ ಆ ಚೀಟಿ ಅಂಟುವುದು ಹೊಸ ವಾದ್ಯಕ್ಕೆ. ರಿಪೇರಿಗೆ ಬಂದ ಹಳೆಯ ಕೊರಳಿಗೆ ಚೀಟಿಯಿಲ್ಲ, ಅದನ್ನು ಕೂಡಿಸಿದ ಕೈಗೂ ಇಲ್ಲ; ಒಂದು ದಂಡಿಯ ಮೇಲೆ ಎಂಟು ದಿನ ಕಾಯುವ ಕಸಬಿನಲ್ಲಿ ಹೊಸದು ಮಾರಿದಷ್ಟು ಹಣವೂ ಇಲ್ಲ. ನಾವು ಹೋಗಿದ್ದಾಗ ಆ ಹಿರಿಯರ ಪಕ್ಕದಲ್ಲಿ ಸರಸದ ಪಾತ್ರೆಯನ್ನು ನೋಡಿಕೊಳ್ಳುತ್ತಿದ್ದವನು ಒಬ್ಬನೇ ಹುಡುಗ. ಅವರ ಮೊಮ್ಮಗ, ಕಾಲೇಜಿಗೆ ಹೋಗುತ್ತ ರಜೆಯಲ್ಲಿ ಬಂದು ಕೂಡುವವನು. ನಮ್ಮ ತಂಬೂರಿಯ ಒಳಗಿನ ಬಿದಿರು ಮೊಳೆಗಳಲ್ಲಿ ಒಂದನ್ನು ಹೊಡೆದವನು ಅವನೇ.

ಮನೆಯಲ್ಲಿ ಇಲ್ಲವೆ ಅಟ್ಟದ ಮೇಲೆ ಕೊರಳು ಮುರಿದ ತಂಬೂರಿ ಇಟ್ಟುಕೊಂಡಿರುವ ಸದಸ್ಯರು ಅದನ್ನು ತಾವಾಗಿ ಅಂಟಿಸಲು ಹೋಗದಿರಲಿ. ತಂತಿಗಳನ್ನು ಪೂರ್ತಿ ಸಡಿಲಿಸಿ, ಮಣಿ ಬಿರಡೆಗಳನ್ನು ಎಣಿಸಿ ಕಟ್ಟಿಡಿ; ಮುರಿದ ಚೂರುಗಳನ್ನು, ಎಷ್ಟೇ ಸಣ್ಣವಿರಲಿ, ಬಿಸಾಡಬೇಡಿ; ಸಾಗಿಸುವಾಗ ಬುಡಕ್ಕೂ ಕೊರಳಿಗೂ ಎರಡು ಕೈ ಕೊಟ್ಟು ಎತ್ತಿ. ಮಿರಜಿಗೆ ಪುಣೆಯಿಂದ ಹೋಗುವ ಗಾಡಿಗಳು ಬೇಕಾದಷ್ಟಿವೆ. ಮಳೆಗಾಲದಲ್ಲಿ ಮಾತ್ರ ಒಯ್ಯಬೇಡಿ, ಸರಸ ಬೇಗ ಆರುವುದಿಲ್ಲ.